ಹುಣಸೆ ಬೀಜದ ವಿಮಾನ

ಹುಣಸೆ ಬೀಜ ಹುರಿಯುವ ವಾಸನೆ ನಿಮಗೆ ಗೊತ್ತಿರಬಹುದು. ಮೊದಲು ಕಡಲೆ ಹುರಿದಂತೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಕಟ್ಟಿಗೆ ಸುಟ್ಟಂತೆ, ಆಮೇಲೆ ಅದೂ ಅಲ್ಲ ಇದೂ ಅಲ್ಲ, ಮೂಗಿನೊಳಗೆ ಚಾಪೆ ಹಾಸಿ ಕೂತುಬಿಡುತ್ತದೆ. ನಿನ್ನೆ ಮಧ್ಯಾಹ್ನ ಗಡಹಿಂಗ್ಲಜದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಉಂಡು ಅಡ್ಡಾಗಿದ್ದೆ. ಮನೆಯಾಕೆ ವರ್ಷದ ಹುಣಸೆಹಣ್ಣು ಕುಟ್ಟಿ ಬೀಜ ಬೇರೆ ಮಾಡುತ್ತಿದ್ದಳು. ಓಣಿಯ ಹುಡುಗರಿಗೆ ತಿನ್ನಲು ಆಗುತ್ತದೆಂದು ಒಂದು ಹಿಡಿ ಬೀಜ ಹಂಚಿನ ಮೇಲೆ ಹಾಕಿದಳೋ ಇಲ್ಲವೋ, ನನಗೆ ನಿದ್ದೆ ಹಾರಿಹೋಯಿತು. ಎದ್ದು ಕೂತೆ. ಕೂತವನು ಸಂಜೆಯವರೆಗೆ ಕೂತೇ ಇದ್ದೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಹೋದ ವಾರ ನಮ್ಮ ಓಣಿಯ ತುದಿಯ ಸಾಲೆಯ ಮಾಸ್ತರರು ಮನೆಗೆ ಬಂದಿದ್ದರು. ಹರೆಯದಲ್ಲಿ ನಾನು ಇಚಲಕರಂಜಿಯಲ್ಲಿ ಆಟದ ವಿಮಾನ ಹಾರಿಸುತ್ತಿದ್ದೆನೆಂದು ಅವರಿಗೆ ಯಾರೋ ಹೇಳಿದ್ದಾರೆ. "ನಮ್ಮ ಹುಡುಗುರಿಗಿ ಒಂದ್ಸಲ ಬಂದು ತೋರಸ್ರಿ ಕಾಕಾ. ಪುಸ್ತಕದಾಗ ಚಿತ್ರಾ ನೋಡಿ ನೋಡಿ ಆಕಳಸತಾವ ಹುಡುಗುರು" ಎಂದರು. ಒಳ್ಳೆಯ ಮನುಷ್ಯ. ನಾನು ಎದೆ ಸೆಟೆಸಿ, "ನಾ ಸಾಲಿ ಬಿಟ್ಟಾಂವ್ರಿ. ಬಿಟ್ಟಮ್ಯಾಲ ಯಾವ ಸಾಲಿ ಮೆಟ್ಟಲಾನೂ ಏರಿಲ್ಲ. ಇನ್ನ ಏರಂಗೂ ಇಲ್ಲ" ಎಂದೆ. ಅವರು ಚಹಾ ಕುಡಿದು ಹೋದರು. ಅವರು ಬಾಗಿಲು ದಾಟಿದ ಮೇಲೆ ಮನೆಯಾಕೆ ಒಳಗಿನಿಂದಲೇ, "ಮಣಕಾಲ ನೋಯತಾವ ಅಂದಿದ್ರ ಮುಗೀತಿತ್ತಲ್ರಿ. ಅದಕ್ಯಾಕ ಅಷ್ಟ ದೊಡ್ಡ ಮಾತು?" ಎಂದಳು. ಮದುವೆಯಾದಾಗಿನಿಂದ ನನ್ನ ಸ್ವಾಭಿಮಾನಕ್ಕೆ ಸಿಕ್ಕ ಮರ್ಯಾದೆ ಇಷ್ಟೇ.

ಆದರೆ ಮಾತು ಸುಳ್ಳಲ್ಲ. ನೇಸರಿ ಕಡೆಯ ಹಳ್ಳಿ ನಮ್ಮದು. ಕುರಿ ಕಾಯುವ ಮನೆ. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಒಂದು ದಿನ ಸಾಲೆಯ ಬಾಗಿಲಿಗೆ ಬಂದು ನನ್ನನ್ನು ಕರೆದ. ಹೊರಗೆ ಬಂದೆ. ಮತ್ತೆ ಒಳಗೆ ಹೋಗಲಿಲ್ಲ. ಒಂದಿಷ್ಟು ವರ್ಷ ಕುರಿಯ ಹಿಂದೆ ತಿರುಗಿದೆ. ಮೀಸೆ ಚಿಗುರುವ ಹೊತ್ತಿಗೆ ಇಚಲಕರಂಜಿಗೆ ಬಂದು ವಿದ್ಯುತ್ತಿನ ಮಗ್ಗದ ಕಾರಖಾನೆ ಸೇರಿದೆ. ಹರಿದ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕುವುದನ್ನು ಕಲಿತೆ. ಕಾರಖಾನೆಯ ಸಪ್ಪಳಕ್ಕೆ ಕಿವಿ ಅರ್ಧ ಹೋಯಿತು, ನಡಿಗೆಗೆ ಮಾತ್ರ ಬೇರೆ ಠೀವಿ ಬಂತು. ಊರಿಗೆ ಹೋದರೆ, ನಮ್ಮ ಸತ್ಯವ್ವ ಅತ್ತಿ ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕಂಬಳಿ ನೇಯುವುದನ್ನು ನೋಡಿ, "ಇದೇನ ನೇಯೂದ ಅತ್ತಿ, ಬಸವನಹುಳದಂಗ?" ಎಂದು ನಗುತ್ತಿದ್ದೆ. ನಾನು ಮಷೀನಿನ ಮನುಷ್ಯ ನೋಡಿ!

ಈಗ ತವನಪ್ಪಣ್ಣನ ವಿಷಯಕ್ಕೆ ಬರುತ್ತೇನೆ. ನಮ್ಮ ಕಾರಖಾನೆಗೆ ಹೊಂದಿಕೊಂಡು ಒಂದು ನೂಲಿನ ಅಂಗಡಿ ಇತ್ತು. ನಾಂದಣಿಯ ಕಡೆಯಿಂದ ಬಂದ ಜೈನ ಮನೆತನದವರದು. ಅಣ್ಣ ತಮ್ಮ ಇಬ್ಬರು. ಅಣ್ಣನಿಗೆ ಇಡೀ ಪೇಟೆ ದಾದಾ ಎನ್ನುತ್ತಿತ್ತು. ಗಾದಿಯ ಮೇಲೆ ಕೂತರೆ ಕಂಬದಂತೆ ಕೂರುವ, ನಕ್ಕರೆ ಸರಕು ಕಡಿಮೆಯಾದೀತೆಂದು ಹೆದರುವ ಮನುಷ್ಯ. ತಮ್ಮ ತವನಪ್ಪ. ಗಾದಿಯ ಮೇಲೆ ಅವನನ್ನು ಕೂರಿಸಿದರೆ ಗಿರಾಕಿಯ ಜೊತೆ ಹರಟೆ ಹೊಡೆದು ನೂಲು ಕೊಡುವುದನ್ನೇ ಮರೆಯುತ್ತಿದ್ದ. ಯಾವುದೋ ಕೆಲಸಕ್ಕೆಂದು ದಾದಾ ಅವನನ್ನು ಕೊಲ್ಹಾಪುರಕ್ಕೆ ಕಳಿಸಿದ್ದಾಗ, ಅಲ್ಲಿನ ಬಯಲಿನಲ್ಲಿ ಒಬ್ಬ ಗೋರಾ ಸಾಹೇಬರ ಹುಡುಗ ರಬ್ಬರಿನಿಂದ ತಿರುಗುವ ಪಂಖದ ಪುಟ್ಟ ವಿಮಾನ ಹಾರಿಸುವುದನ್ನು ಕಂಡ. ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತು ನೋಡಿದ. ಹೋದ ಕೆಲಸ ಅಲ್ಲೇ ಉಳಿಯಿತು, ಮೋಟಾರೂ ತಪ್ಪಿತು. ಮರುದಿನ ಊರಿಗೆ ಬಂದವನ ತಲೆಯಲ್ಲಿ ಬೇರೆ ಏನೂ ಉಳಿದಿರಲಿಲ್ಲ. ಅವನ ವಿಮಾನವಿದ್ಯೆ ಪೂರ್ತಿ ಆ ಒಂದು ಮಧ್ಯಾಹ್ನದ್ದು.

ತಾನೊಬ್ಬನೇ ಆಡಿಕೊಂಡಿದ್ದರೆ ಯಾರ ತಕರಾರೂ ಇರಲಿಲ್ಲ. ಅವನಿಗೆ ಊರ ಹುಡುಗರೆಲ್ಲ ಹಾರಿಸಬೇಕು! ಎರಡನೆಯ ಮಹಾಯುದ್ಧದ ಸುದ್ದಿ ಆಗಷ್ಟೇ ಪತ್ರಿಕೆಗಳಲ್ಲಿ ಬರುತ್ತಿತ್ತು. ಎಂದಾದರೊಮ್ಮೆ ನಿಜವಾದ ವಿಮಾನ ಮೇಲೆ ಹೋದರೆ ಪೇಟೆಯ ಜನ ಕುತ್ತಿಗೆ ಎತ್ತಿ ನಿಲ್ಲುತ್ತಿದ್ದರು. "ಕುತ್ತಿಗಿ ಎತ್ತಿ ನೋಡೂದಷ್ಟs ನಮ್ಮ ಹಣಿಬಾರೇನು?" ಎನ್ನುತ್ತಿದ್ದ ತವನಪ್ಪಣ್ಣ. ಅಂಗಡಿಯ ಮೇಲಿನ ನೂಲಿನ ಮಾಳಿಗೆಯನ್ನು ಅಣ್ಣನಿಂದ ಬೇಡಿ ಪಡೆದ. ಸಾಲೆ ಬಿಡುವ ಹೊತ್ತಿಗೆ ಮಾಳಿಗೆಯ ಕಿಟಕಿಯಿಂದ ಕಾಗದದ ಹಕ್ಕಿಗಳನ್ನು ಬೀದಿಗೆ ಬಿಡುತ್ತಿದ್ದ. ಮೀನಿಗೆ ಗಾಳ ಹಾಕಿದ ಹಾಗೆ ಎನ್ನಬಹುದಿತ್ತು, ಆದರೆ ಜೈನರ ಮನೆಯ ವಿಷಯ, ಆ ಮಾತು ಬೇಡ. ಹಕ್ಕಿ ಹಿಡಿದುಕೊಂಡು ಹುಡುಗರು ಮೆಟ್ಟಿಲು ಹತ್ತಿ ಬಂದರು.

ಬಂದವರಿಗೆ ಅವನದು ಒಂದೇ ಕಟ್ಟಳೆ. "ಮಾಡಾಂವ ಒಬ್ಬ, ಹಾರಸಾಂವ ಇನ್ನೊಬ್ಬ. ತಾ ಮಾಡಿದ್ದನ್ನ ತಾನs ಹಾರಿಸಿದ್ರ ಹಾರಿದ್ದಷ್ಟs ಕಣ್ಣಿಗಿ ಕಾಣತೈತಿ, ಬಿದ್ದದ್ದು ಕಾಣಂಗಿಲ್ಲ." ವಿಮಾನಕ್ಕೆ ಕೈ ಹಚ್ಚಿದ ಯಾರೂ ಅದನ್ನು ಹಾರಿಸುವಂತಿಲ್ಲ. ಇದರಿಂದ ಏನಾಯಿತೆಂದರೆ, ವಿಮಾನ ಮಾಡಿದ ಪ್ರತಿ ಹುಡುಗನೂ ಅದನ್ನು ಹಾರಿಸಲು ಒಬ್ಬ ಗೆಳೆಯನನ್ನು ಕೈಹಿಡಿದು ಎಳೆದು ತರಬೇಕಾಯಿತು. ಆ ಗೆಳೆಯ ಮರುವಾರ ತಾನೇ ಮಾಡಲು ಕೂರುತ್ತಿದ್ದ. ಮಾಳಿಗೆ ತುಂಬಿತು.

ನಾನು ಅಲ್ಲಿಗೆ ಹೋದದ್ದು ಕರೆದರೆಂದಲ್ಲ. ಒಂದು ಸಂಜೆ ಅವರ ವಿಮಾನವೊಂದು ಗಾಳಿಗಂಡಿಯಿಂದ ನಮ್ಮ ಕಾರಖಾನೆಯೊಳಗೆ ಬಂದು ನನ್ನ ಮಗ್ಗದ ಹಾಸಿನ ಎಳೆಗಳ ಮೇಲೆ ಬಿತ್ತು. ಮಗ್ಗ ನಿಲ್ಲಿಸಿ ಎತ್ತಿಕೊಂಡೆ. ರೆಕ್ಕೆಯ ದಾರ ಕಿತ್ತುಹೋಗಿತ್ತು. ಕೆಲಸ ಮುಗಿದ ಮೇಲೆ ಎರಡು ಗಂಟು ಹಾಕಿ ಸರಿಮಾಡಿ, ಪಕ್ಕದ ಅಂಗಡಿಗೆ ಹೋಗಿ ಮಾಳಿಗೆಯ ಮೆಟ್ಟಿಲ ಕೆಳಗೆ ನಿಂತು ಕೂಗಿದೆ.

ತವನಪ್ಪಣ್ಣ ಮೇಲಿನಿಂದ ಇಣುಕಿ ಗಂಟು ನೋಡಿದ. "ಯಾರ ಹಾಕ್ಯಾರೋ ಇದನ್ನ?"

"ನಾನs ರೀ."

"ಮ್ಯಾಲ ಬಾ ಮತ್ತ."

"ಒಲ್ಲೆ ರೀ. ಮ್ಯಾಲ ಸಾಲಿ ಹುಡುಗುರ ಅದಾರ."

"ಇದೇನ ಸಾಲಿ ಅಲ್ಲೋ ಮಾರಾಯಾ, ಮಾಳಗಿ! ಇಲ್ಲಿ ಹಾಜರಿ ಹಚ್ಚಂಗಿಲ್ಲ, ಛಡಿ ಇಲ್ಲ, ನಂಬರ ಇಲ್ಲ. ಗಂಟ ಹಾಕಾವ್ರ ಬೇಕಾಗ್ಯಾರ. ಬಾ."

ಹತ್ತಿದೆ. ಇಂಗ್ಲಿಷ್ ಸಾಲೆಯ ಹುಡುಗರು ಚಾಪೆಯ ಮೇಲೆ ಸರಿದು ಜಾಗ ಕೊಟ್ಟರು. ನಿಮಗೆ ಇದು ಸಣ್ಣ ಸಂಗತಿ ಅನ್ನಿಸಬಹುದು. ಅಪ್ಪ ಕರೆದು ಹೊರಗೆ ತಂದ ದಿನದಿಂದ ಓದುವ ಹುಡುಗರ ಚಾಪೆಯ ಮೇಲೆ ನಾನು ಕೂತಿರಲಿಲ್ಲ. ಆ ಚಾಪೆ ನನಗೆ ಎಷ್ಟು ಬೇಕಾಗಿತ್ತೆಂಬುದು ಕೂತ ಮೇಲೆ ಗೊತ್ತಾಯಿತು.

ನಮ್ಮ ವಿಮಾನದ ಸಾಮಾನೆಲ್ಲ ಊರೊಳಗಿನದು. ಮೈಗೆ ಬಿದಿರ ಸೀಳು. ಮೂಗಿಗೆ ಜೋಳದ ದಂಟಿನ ಬೆಂಡು, ಹಳ್ಳಿಯ ಹುಡುಗರು ಎತ್ತು ಬಂಡಿ ಮಾಡುತ್ತಾರಲ್ಲ, ಅದೇ. ಪಂಖ ತಿರುಗಿಸಲು ಸೈಕಲ್ಲಿನ ಹಳೆಯ ಟ್ಯೂಬನ್ನು ಸಣ್ಣಗೆ ಕತ್ತರಿಸಿದ ಪಟ್ಟಿ. ಪಟ್ಟಿ ಜಾರಲೆಂದು ಹರಳೆಣ್ಣೆ. ರೆಕ್ಕೆಗೆ ಗಾಳಿಪಟದ ತೆಳು ಕಾಗದ. ಆ ಕಾಗದ ಬಿಗಿಯಾಗಬೇಕಲ್ಲ? ಇಚಲಕರಂಜಿಯಲ್ಲಿ ಏನಾದರೂ ಬಿಗಿಯಾಗಬೇಕೆಂದರೆ ಯಾರೂ ಯೋಚನೆ ಮಾಡುವುದಿಲ್ಲ. ಮಗ್ಗಕ್ಕೆ ಏರಿಸುವ ಮುಂಚೆ ನೂಲಿಗೆ ಹಚ್ಚುವ ಗಂಜಿ ಇರುತ್ತದೆ, ಖಳ ಎನ್ನುತ್ತೇವೆ ನಾವು. ಗೋಡೆಗೆ ಕಾಗದ ಅಂಟಿಸಲು ಖಳ, ಟೋಪಿ ನಿಲ್ಲಲು ಖಳ. ವಿಮಾನಕ್ಕೂ ಅದನ್ನೇ ಹಚ್ಚಿದೆವು. ಒಂದು ಡಬ್ಬಿ ತುಂಬ ಬೇಡಿ ತಂದೆವು, ಬಳಿದೆವು, ಒಣಗಿಸಿದೆವು. ಕಾಗದ ಹೊಳೆಯಿತು, ಮೆತ್ತಗೂ ಆಯಿತು, ಬಿಗಿಯಲೇ ಇಲ್ಲ. ರೆಕ್ಕೆ ಮುದುಕನ ಗಲ್ಲದಂತೆ ಜೋತುಬಿತ್ತು. ಹಾರಿಸಿದರೆ ಎದುರಿನ ಗೋಡೆಯತನಕ ಹೋಗಿ ಕೂರುತ್ತಿತ್ತು. ಬೀದಿಯಲ್ಲಿ ಹೋಗುವವರು ನಿಂತು, "ಕಾಯ್ ರೇ, ಹೇ ವಿಮಾನ್ ಕೀ ಕೋಂಬಡಿ?" ಎನ್ನುತ್ತಿದ್ದರು. ವಿಮಾನವೋ ಕೋಳಿಯೋ ಎಂದು ನಮಗೂ ಅನುಮಾನ ಬರತೊಡಗಿತು.

ಇದರ ಮೇಲೆ ಇಲಿ ಬಂದವು. ಸಂಜೆ ತೂಗುಹಾಕಿದ ರೆಕ್ಕೆ ಬೆಳಿಗ್ಗೆ ಬರೀ ಎಲುಬು. ಬೋನು ಇಡೋಣವೆಂದರೆ ತವನಪ್ಪಣ್ಣ ಕಿವಿ ಮುಚ್ಚಿಕೊಂಡ. "ಅವೂ ಜೀವs ಅಲ್ಲೇನು? ಹಸದಿರತಾವ, ತಿಂತಾವ" ಎಂದ. ತಿನ್ನಲು ಅವಕ್ಕೆ ಬೇರೆ ಕಾಗದ ಸಿಗುತ್ತಿರಲಿಲ್ಲವೇ, ನಮ್ಮ ರೆಕ್ಕೆಯೇ ಯಾಕೆ ಬೇಕಿತ್ತು ಎಂದು ಯಾರಿಗೂ ಹೊಳೆಯಲಿಲ್ಲ. ಇಲಿಯ ಸುದ್ದಿ ಕೆಳಗೆ ದಾದಾನಿಗೆ ಮುಟ್ಟಿತು. ಇಲಿಯೆಂದರೆ ನೂಲಿನ ಅಂಗಡಿಗೆ ಬೆಂಕಿ ಇದ್ದಂತೆ. ಮೆಟ್ಟಿಲ ಕೆಳಗೆ ನಿಂತು ತಮ್ಮನಿಗೆ ಹೇಳಿದ: "ದೀಪಾವಳಿ ಆದಮ್ಯಾಲ ಮಾಳಗಿ ನನಗ ಬೇಕು. ಹಾರೂ ಇಮಾನ ಇದ್ದಿದ್ರ ಮಾತ ಬ್ಯಾರೆ ಇತ್ತು. ಇವು ಇಲಿಗಿ ಎಡಿ ಹಿಡ್ಯಾಕ ಮಾಡಿದ್ದು."

"ಹಾರತಾವ ದಾದಾ. ಇನ್ನ ಒಂದೀಟು ಟಾಯಿಮ ಕೊಡು."

"ಎಲ್ಲೀತನ ಹಾರತಾವ? ನಮ್ಮ ತ್ವಾಟದ ಬಾವಿ ದಾಟತಾವೇನು? ಈ ದಂಡಿಯಿಂದ ಬಿಟ್ರ ಆ ದಂಡಿಗಿ ಹೋಗಿ ಬೀಳಲಿ. ಮಾಳಗಿ ನಿಮ್ದು, ಹೋಗು!" ಹಾರಲಾರದೆಂಬ ಭರವಸೆಯಿಂದ ಆಡಿದ ಮಾತು ಅದು. ನಾವು ಗಟ್ಟಿಯಾಗಿ ಹಿಡಿದುಕೊಂಡೆವು.

ಆ ವಾರವೇ ಆಕಾಶ ತಲೆಯ ಮೇಲೆ ಬಿತ್ತು. ನೇಮೂ ಎಂಬ ಹುಡುಗ, ಅದೇ ಓಣಿಯ ಇನ್ನೊಂದು ಜೈನ ಮನೆಯವನು, ಖಳ ಬಳಿದ ಕೈಯಲ್ಲೇ ಮನೆಗೆ ಓಡಿದ. ಅವನ ಆಯಿ, ಎಂದರೆ ಅಜ್ಜಿ, ಕೈಗೆ ನೀರು ಹಾಕುವಾಗ ವಾಸನೆ ಹಿಡಿದಳು. "ಏನೋ ಇದು ಕೈಯಾಗ? ಚರಬಿ ನಾರತೈತಿ!" ಎಂದು ಕಿರುಚಿದಳಂತೆ. ಹೌದು, ಚರಬಿಯೇ. ಎಳೆ ಮೆತ್ತಗಾಗಿ ಕಡಿಯದಿರಲೆಂದು ಖಳಕ್ಕೆ ಪ್ರಾಣಿಯ ಕೊಬ್ಬು ಕಾಯಿಸಿ ಹಾಕುತ್ತಾರೆ. ಊರಿಗೇ ಗೊತ್ತಿದ್ದ ಸಂಗತಿ. ಅಷ್ಟು ಗೊತ್ತಿದ್ದದ್ದು ವಿಮಾನದ ರೆಕ್ಕೆಗೆ ಬಳಿಯುವಾಗ ಯಾರ ನೆನಪಿಗೂ ಬರಲಿಲ್ಲ. ಇಲಿಗಳಿಗೆ ಮಾತ್ರ ಮೊದಲ ದಿನವೇ ತಿಳಿದಿತ್ತು.

ಜೈನರ ಹುಡುಗರೆಲ್ಲ ಮಾಳಿಗೆ ಬಿಟ್ಟರು. ಅವರು ಬಿಟ್ಟರೆಂದು ಉಳಿದವರೂ ಸಡಿಲಾದರು. ತವನಪ್ಪಣ್ಣ ಹೋಗಿ ಸ್ನಾನ ಮಾಡಿ ಬಂದು, ಒದ್ದೆ ತಲೆಯಲ್ಲಿ ಖಾಲಿ ಚಾಪೆಯ ಮೇಲೆ ಕೂತ.

"ಸಣ್ಣ ಹುಡುಗುರ ಕೈಯಾಗ ಚರಬಿ ಇಟ್ನೆಲ್ಲೋ" ಎಂದ. "ಇನ್ನ ಅವರ ಮನಿಯಾವ್ರು ಕಳಸ್ತಾರೇನು? ನಾನಾದ್ರೂ ಕಳಸ್ತಿದ್ದಿಲ್ಲ."

ನಾನು, "ದೀಪಾವಳಿಗಿ ಊರಿಗಿ ಹೋಗಿ ಬರತೇನ್ರಿ ಅಣ್ಣಾ. ಬರೂತನಕಾ ಕಿಟಕಿ ಮುಚ್ಚಬ್ಯಾಡ್ರಿ" ಎಂದೆ.

ಊರಿಗೆ ಹೋದೆ. ಹಬ್ಬ ಮುಗಿಯಿತು. ಮರುದಿನ ಸತ್ಯವ್ವ ಅತ್ತಿಯ ಅಂಗಳಕ್ಕೆ ಹೋದರೆ ಇದೇ ವಾಸನೆ, ಹುಣಸೆ ಬೀಜ ಹುರಿಯುವ ವಾಸನೆ. ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಅರೆದು, ಕುದಿಸಿ, ಕಂಬಳಿಯ ಉಣ್ಣೆಯ ಹಾಸಿನ ಎಳೆಗಳಿಗೆ ಬಳಿಯುತ್ತಾರೆ. ಚಿಕ್ಕಂದಿನಿಂದ ಕಂಡದ್ದು, ಆ ವಾಸನೆಗೆ ಮೂಗು ಮುಚ್ಚಿಕೊಂಡು ಮಷೀನಿನ ಊರಿಗೆ ಓಡಿದ್ದು. ಅಂಗಳದಲ್ಲಿ ಒಣಗುತ್ತಿದ್ದ ಹಾಸಿನ ಮೇಲೆ ಬೆರಳಿಟ್ಟೆ. ತಂತಿಯಂತೆ ಬಿಗಿದಿತ್ತು.

"ಅತ್ತಿ, ಇದಕ್ಕ ಚರಬಿ ಹಾಕ್ತೀರೇನು?"

ಅತ್ತಿ ಬೀಜ ಹುರಿಯುವ ಹುಟ್ಟು ಎತ್ತಿಕೊಂಡೇ ತಿರುಗಿದಳು. "ಚರಬಿ ನಿನ್ನ ತಲ್ಯಾಗ ಬಂದೈತಿ! ಹುಣಸಿಪಿಕ್ಕ, ನೀರು, ಮುಗೀತು. ಯಾಕ, ಮಷೀನಿನ್ಯಾಂವಗ ಬಸವನಹುಳದ ನೆಪ್ಪಾತೇನು?"

"ಒಂದ ಗಂಟ ಹಿಟ್ಟ ಕೊಡ ಅತ್ತಿ."

"ಏನ ಮಾಡ್ತಿ?"

"ಇಮಾನ ಮಾಡ್ತೇನಿ."

ಅತ್ತಿ ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ಹಿಟ್ಟಿನ ಜೊತೆ ಒಂದು ನಿಂಬೆಹಣ್ಣನ್ನೂ ತಂದು ನನ್ನ ತಲೆಯ ಸುತ್ತ ಇಳಿಸಿ ಒಗೆದಳು. ಪಟ್ಟಣದಲ್ಲಿ ಹುಡುಗನಿಗೆ ಯಾರೋ ಏನೋ ಮಾಡಿಸಿದ್ದಾರೆಂದು ಅವಳ ಅಂದಾಜು.

ಮಾಳಿಗೆಯಲ್ಲಿ ನಾನು, ತವನಪ್ಪಣ್ಣ ಇಬ್ಬರೇ ಕೂತು ಹೊಸ ವಿಮಾನ ಕಟ್ಟಿದೆವು. ಅವನು ಬಿದಿರು ಕೆತ್ತಿದ, ನಾನು ದಾರ ಬಿಗಿದೆ. ಹಿಟ್ಟು ಕುದಿಸಿ, ಬಟ್ಟೆಯಲ್ಲಿ ಸೋಸಿ, ನೀರಿನಷ್ಟು ತೆಳ್ಳಗೆ ಬಳಿದು ಕಿಟಕಿಯ ಬಿಸಿಲಿಗೆ ಇಟ್ಟೆವು. ಒಣಗುತ್ತ ಒಣಗುತ್ತ ಕಾಗದದ ಸುಕ್ಕುಗಳು ಒಂದೊಂದಾಗಿ ಮಾಯವಾದವು. ತವನಪ್ಪಣ್ಣ ಬೆರಳಿನಿಂದ ಮೆಲ್ಲಗೆ ಹೊಡೆದ. ರೆಕ್ಕೆ ಬಾರಿಸುವ ಹಲಗೆಯಂತೆ "ಢಂ" ಎಂದಿತು. ಅವನು ವಿಮಾನ ಎತ್ತಿಕೊಂಡು ಸೀದಾ ನೇಮೂನ ಮನೆಗೆ ನಡೆದ. ನಾನು ಹಿಂದೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಆಯಿಯ ಮುಂದೆ ಅದನ್ನು ಇಟ್ಟು ಕೈಮುಗಿದ. "ತಪ್ಪಾಗೇತಿ ಆಯಿ. ಇದನ್ನೊಂದಿಷ್ಟು ಮೂಸಿ ನೋಡ್ರಿ."

ಆಯಿ ಮೂಸಿದಳು. ತಿರುಗಿಸಿ ಮತ್ತೆ ಮೂಸಿದಳು. "ಹುಣಸಿಪಿಕ್ಕ" ಎಂದಳು. ಬಾಗಿಲ ಹಿಂದೆ ನಿಂತಿದ್ದ ನೇಮೂನ ಕಡೆ ತಿರುಗಿ, "ಹೋಗ. ಆದ್ರ ಬಂದಕೂಡಲೇ ಕೈ ತೊಳೀಬೇಕು" ಎಂದಳು. ನೇಮೂ ಚಪ್ಪಲಿ ಮೆಟ್ಟದೆ ಓಡಿಬಂದ. ಅವನನ್ನು ನೋಡಿ ಉಳಿದವರೂ ಬಂದರು. ಬಂದವರೆಲ್ಲ ಸುಮ್ಮನಿರುತ್ತಾರೆಯೇ? ಒಬ್ಬ ಬಾಲ ಕಟ್ಟಿದ, ಒಬ್ಬ ರಬ್ಬರಿಗೆ ಹರಳೆಣ್ಣೆ ತಿಕ್ಕಿದ, ಒಬ್ಬ ಮೂಗಿನ ಬೆಂಡು ಉಜ್ಜಿ ನುಣುಪು ಮಾಡಿದ. ಎಲ್ಲರ ಕೈಯೂ ಅದಕ್ಕೆ ಹತ್ತಿತು.

ದಾದಾನ ತೋಟ ಊರ ಹೊರಗೆ. ಗಾಳಿ ಇಳಿಯುವ ಸಂಜೆಯ ಹೊತ್ತು ನೋಡಿ ಹೋದೆವು. ದೊಡ್ಡ ಬಾವಿ, ಆಚೆ ದಂಡೆಗೆ ತಾಗಿ ಆಳೆತ್ತರದ ಕಬ್ಬು. ದಾದಾ ಬಂದು ನಿಂತವನು, "ಲಗೂ ಮುಗಸ್ರಿ. ಹೊತ್ತ ಮುಣಗೂದ್ರಾಗ ನಂದು ಊಟ ಆಗಬೇಕು" ಎಂದ. ಸೂರ್ಯ ಮುಳುಗಿದ ಮೇಲೆ ಅವರಲ್ಲಿ ಉಣ್ಣುವುದಿಲ್ಲ, ದಾದಾನಂತೂ ಒಂದು ದಿನವೂ ತಪ್ಪಿಸಿದವನಲ್ಲ.

ತವನಪ್ಪಣ್ಣ ಪಂಖ ಸುತ್ತಿ ರಬ್ಬರು ಬಿಗಿದ. ಬಿಗಿದು, ಹುಡುಗರ ಕಡೆ ನೋಡಿದ. ಆಗ ಎಲ್ಲರಿಗೂ ಒಮ್ಮೆಲೇ ಗೊತ್ತಾಯಿತು. ಹಾರಿಸುವವರು ಯಾರು? ಅದಕ್ಕೆ ಕೈ ಹಚ್ಚದವರು ನಮ್ಮಲ್ಲಿ ಯಾರೂ ಇರಲಿಲ್ಲ.

"ಇವತ್ತೊಂದಿನ ಬಿಡ್ರಿ ಅಣ್ಣಾ" ಎಂದ ನೇಮೂ.

"ಬಿಟ್ರ ಅದ್ಯಾವ ಕಟ್ಟಳಿ?" ಎಂದು ತವನಪ್ಪಣ್ಣ ಸುತ್ತ ನೋಡಿದ. ನೋಡುತ್ತ ನೋಡುತ್ತ ಅವನ ಕಣ್ಣು ಒಂದು ಕಡೆ ನಿಂತಿತು. "ದಾದಾ, ಬಾ ಇಲ್ಲಿ. ಹಿಡಿ."

"ನಾನಾ? ಹುಚ್ಚ ಹಿಡದೈತೇನ ನಿನಗ?"

"ಮುಟ್ಟದಾಂವ ನೀ ಒಬ್ಬನs ಇದ್ದಿ. ಬೇಕಾದ್ರ ನೆಲಕ್ಕ ಒಗಿ. ಮಾಳಗಿ ನಿಂದಾಕ್ಕೈತಿ."

ದಾದಾ ಅದನ್ನು ಹಿಡಿದ ರೀತಿ ಇನ್ನೂ ನನ್ನ ಕಣ್ಣಲ್ಲಿದೆ. ಅಂಗಡಿಯಲ್ಲಿ ನೂಲಿನ ಲಡಿಯನ್ನು ಬೀಸಿ ಎಸೆಯುವ ಆ ಕೈಗಳು ಹಸುಗೂಸನ್ನು ಎತ್ತಿದ ಹಾಗೆ ಕೆಳಗಿನಿಂದ ಹಿಡಿದವು. ಎಸೆದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವನು ಎಸೆಯಲಿಲ್ಲ. ಗಾಳಿಯ ಕಡೆ ಮುಖ ಮಾಡಿ, ಉಸಿರು ಹಿಡಿದು, ಮೆಲ್ಲಗೆ ಮುಂದಕ್ಕೆ ಬಿಟ್ಟ.

ವಿಮಾನ ಬಾವಿಯ ಮೇಲೆ ಒಂದು ಕ್ಷಣ ಇಳಿಯಿತು. ನೀರಿನಲ್ಲಿ ಅದರ ನೆರಳು ಕಂಡಿತು. ಹುಡುಗರು ದಂಡೆಯ ಮೇಲೆ ಬಗ್ಗಿದರು. ಆಮೇಲೆ ಏನು ಎತ್ತಿತೋ, ಮೂಗು ಮೇಲೆ ಮಾಡಿ, ಆಚೆ ದಂಡೆ ದಾಟಿ, ಕಬ್ಬಿನ ಮೇಲೆ ಏರಿ, ಬಿಸಿಲಿಗೆ ರೆಕ್ಕೆ ಕೆಂಪಾಗಿ ಹೊಳೆದು, ದೂರ ಹೋಗಿ ಕಬ್ಬಿನೊಳಗೆ ಮುಳುಗಿತು. ಮೊದಲು ಕೂಗಿದವನು ದಾದಾ.

"ಹೋತೋ! ಹುಡಕ್ರಿ, ಹುಡಕ್ರಿ!" ಎನ್ನುತ್ತ ಧೋತರ ಮೇಲೆ ಕಟ್ಟಿ ಕಬ್ಬಿನೊಳಗೆ ನುಗ್ಗಿದ. ಗರಿಗಳು ಅವನ ಕೈ ಗೀರಿದವು. ನಾವು ಹಿಂದೆ ಹೋದೆವು. ವಿಮಾನ ಸಿಗಲಿಲ್ಲ. ನಾವು ಸಾಲುಗಳ ನಡುವಿನಿಂದ ಹೊರಬಂದಾಗ ಸೂರ್ಯ ಮುಳುಗಿದ್ದ. ದಾದಾ ಪಡುವಣದ ಕಡೆ ನೋಡಿದ, ತಮ್ಮನ ಕಡೆ ನೋಡಿದ. "ಇವತ್ತ ಉಪಾಸ" ಎಂದ. ನಕ್ಕನೋ ಏನೋ, ಆ ಮುಖದಲ್ಲಿ ನಗು ಹೇಗಿರುತ್ತದೆಂದು ನಮಗೆ ಅಭ್ಯಾಸವಿರಲಿಲ್ಲ.

ಕಬ್ಬು ಕಡಿಯುವಾಗ ವಿಮಾನ ಸಿಕ್ಕಿತು. ಒಂದು ರೆಕ್ಕೆ ಹೋಗಿತ್ತು. ಉಳಿದದ್ದು ಇಬ್ಬನಿಗೆ ನೆನೆದು ಸೊರಗಿತ್ತು, ಬಿಸಿಲಿಗಿಟ್ಟರೆ ಮತ್ತೆ ಬಿಗಿಯಿತು. ದಾದಾ ಅದನ್ನು ಗಾದಿಯ ಮೇಲೆ ತೂಗುಹಾಕಿ, ಬಂದ ಗಿರಾಕಿಗಳಿಗೆಲ್ಲ "ನಾ ಹಾರಿಸಿದ್ದು" ಎಂದು ಹೇಳುತ್ತಿದ್ದ. ತವನಪ್ಪಣ್ಣ ಒಳಗೆ ಕೂತು ಕೇಳುತ್ತಿದ್ದ, ಒಮ್ಮೆಯೂ "ಮಾಡಿದಾಂವ ನಾನು" ಎನ್ನಲಿಲ್ಲ. ಮಾಳಿಗೆ ನಮಗೇ ಉಳಿಯಿತು. ಯುದ್ಧ ಹತ್ತಿರ ಬಂದು ರಬ್ಬರು ಸಿಗದಾದಾಗ ಪಂಖ ಇಲ್ಲದ ವಿಮಾನ ಮಾಡಿ ಹಾರಿಸಿದೆವು. ಆ ಮಾಳಿಗೆಯ ಹುಡುಗರಲ್ಲಿ ನಿಜವಾದ ವಿಮಾನ ಹತ್ತಿದವರು ನನಗೆ ಗೊತ್ತಿದ್ದಂತೆ ಯಾರೂ ಇಲ್ಲ. ಒಬ್ಬ ಬೆಲ್ಲದ ವ್ಯಾಪಾರಿಯಾದ, ನೇಮೂ ಸೈಕಲ್ ಅಂಗಡಿ ಇಟ್ಟ. ನಾನು ಮಗ್ಗದ ಮುಂದೆಯೇ ಮುದುಕನಾದೆ. ತವನಪ್ಪಣ್ಣ ಹೋಗಿ ಬಹಳ ವರ್ಷವಾಯಿತು.

ನಿನ್ನೆ ಸಂಜೆ ಮನೆಯಾಕೆ ಉಳಿದ ಹುಣಸೆ ಬೀಜವನ್ನು ಮೊರದಲ್ಲಿ ತುಂಬಿ ಚೆಲ್ಲಲು ಹೊರಟಳು.

"ಚೆಲ್ಲಬ್ಯಾಡ. ಹುರದು ನೆನಿ ಹಾಕು" ಎಂದೆ.

"ಯಾಕ್ರಿ, ಈ ವಯಸ್ಸಿನ್ಯಾಗ ಕಂಬಳಿ ನೇಯಾವ್ರೇನು?"

"ಇಮಾನ ಮಾಡಾಂವ."

ಅವಳು ಸತ್ಯವ್ವ ಅತ್ತಿ ನೋಡಿದ ಹಾಗೆಯೇ ನೋಡಿದಳು. ಮನೆಯಲ್ಲಿ ನಿಂಬೆಹಣ್ಣು ಇರಲಿಲ್ಲ, ಬಚಾವಾದೆ. ಇಂದು ಬೆಳಿಗ್ಗೆಯಿಂದ ಬಿದಿರು ಸೀಳುತ್ತಿದ್ದೇನೆ. ಗಂಟು ಇನ್ನೂ ತಪ್ಪುತ್ತಿಲ್ಲ. ಇನ್ನೆರಡು ದಿನದಲ್ಲಿ ಮುಗಿದೀತು. ಮುಗಿದ ಮೇಲೆ ನಾನೇ ಹಿತ್ತಲಿಗೆ ಒಯ್ದು ಹಾರಿಸಬಹುದಿತ್ತು, ಯಾರು ಕೇಳುತ್ತಾರೆ? ಆದರೆ ಮಾಡಿದವನು ಹಾರಿಸುವಂತಿಲ್ಲ. ಮನೆಯಾಕೆ ಬೀಜ ಹುರಿದಿದ್ದಾಳೆ, ಹಾಗಾಗಿ ಅವಳಿಗೂ ಇಲ್ಲ. ಕೈ ಹಚ್ಚದವರನ್ನು ಹುಡುಕಿಕೊಂಡು ಹೋಗಬೇಕು.

ಓಣಿಯ ತುದಿಯ ಆ ಸಾಲೆಗೆ ಎಷ್ಟು ಮೆಟ್ಟಿಲಿವೆಯೆಂದು ಮನೆಯಾಕೆಯನ್ನು ಕೇಳಿದೆ. ಅವಳು ನನ್ನ ಮೊಣಕಾಲಿಗೆಂದು ಹರಳೆಣ್ಣೆ ಕಾಯಿಸಲು ಇಟ್ಟಳು. ಅದರಲ್ಲಿ ಅರ್ಧವನ್ನು ರಬ್ಬರಿಗೆಂದು ಎತ್ತಿಟ್ಟಿದ್ದೇನೆ.